ಕಾಣೆಯಾದ ಚೂರು

‘ಟಕ್’ ಎಂದಿತು.

ಮೇಘಾಳ ಹೆಬ್ಬೆರಳು ಅಲ್ಲೇ ನಿಂತಿತು. ರ‍್ಯಾಮ್ ಪಟ್ಟಿ ಕಂಪ್ಯೂಟರಿನ ಸ್ಲಾಟಿನೊಳಗೆ ಇಳಿದಿತ್ತು. ಅದರ ಈ ತುದಿಯನ್ನು ಬಿಳಿಯ ಲಾಕ್ ಕಚ್ಚಿ ಹಿಡಿದಿತ್ತು. ಆ ತುದಿಯಲ್ಲಿ ಲಾಕೇ ಇರಲಿಲ್ಲ. ಇರಬೇಕಾದಲ್ಲಿ ಒಂದು ಮೊಂಡು ಬುಡ, ಅದರ ಮೇಲೆ ಒಂದಿಷ್ಟು ಬಿಳಿ ಪುಡಿ.

ಮುರಿದುಬಿಟ್ಟೆ.

ರಾಯಚೂರಿನ ತೀನ್ ಕಂದೀಲ್ ಬಳಿಯ ಈ ರಿಪೇರಿ ಅಂಗಡಿಗೆ ಅವಳು ಸೇರಿ ವಾರವಾಗಿತ್ತು. ಇದುವರೆಗೆ ಅಂಗಡಿಯ ಮಾಲೀಕ ಮಹಮ್ಮದ್ ಹುಸೇನ್ ಕೆಲಸ ಮಾಡುವಾಗ ಟಾರ್ಚ್ ಹಿಡಿದದ್ದಷ್ಟೇ. ಇವತ್ತು ಜುಮ್ಮಾ ನಮಾಜಿಗೆ ಹೊರಡುತ್ತ ಅವರು, “ರ‍್ಯಾಮ್ ಒಂದು ನೀನಾ ಹಾಕಿಬಿಡು ಬೇಟಿ. ಮೊದಲು ಕಣ್ಣು, ಆಮ್ಯಾಲ ಕೈ. ಹಿಂದಿದ್ದ ಅಮರೇಶ ಇದನ್ನ ಮರತ, ಮನಿಗಿ ಹೋದ” ಎಂದಿದ್ದರು.

ಅವಳೂ ಮರೆತಿದ್ದಳು. ಸ್ಲಾಟನ್ನು ನೋಡದೆಯೇ ಒತ್ತಿದ್ದಳು.

ಕೆಲಸ ಹೋದರೆ ಮುಂದಿನದು ಗೊತ್ತೇ ಇತ್ತು. ತನ್ನೂರು ಯಾಪಲದಿನ್ನಿ, ಬೇರೆಯವರ ಹೊಲ, ಅವ್ವ ಗೋಪಮ್ಮನ ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುವುದು. “ನನ್ನ ಮಗಳು ಕಂಪ್ಯೂಟರ್ ಬಿಚ್ಚಿ ಕೂಡಸ್ತಾಳ” ಎಂದು ಅವ್ವ ಓಣಿಗೆಲ್ಲ ಹೇಳಿ ಬಂದಿದ್ದಳು.

ಮೇಜಿನ ಆಚೆ, ಬೆಂಚಿನ ಮೇಲೆ ಕಂಪ್ಯೂಟರಿನವರು ಕುಳಿತಿದ್ದರು. ಮಾನ್ವಿ ಕಡೆಯ ಮಠದ ಮಹಾಂತಯ್ಯ, ಅವರ ಹೆಂಡತಿ ಚನ್ನಮಲ್ಲಮ್ಮ. ಮಠದ ಮಕ್ಕಳ ಪಾಠಕ್ಕೆಂದು ದೇವದುರ್ಗದಲ್ಲಿ ಕೊಂಡ ಹಳೆಯ ಕಂಪ್ಯೂಟರು ಅದು. ಹತ್ತುತ್ತಿಲ್ಲವೆಂದು, ಪೂಜೆ ಮಾಡಿಯೇ ಇಲ್ಲಿಗೆ ತಂದಿದ್ದರು. ಪಕ್ಕಕ್ಕೆ ಬಿಚ್ಚಿಟ್ಟ ಕರಿ ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆಗಳು ಎದ್ದು ಕಾಣುತ್ತಿದ್ದವು.

“ಏನಾತವಾ?” ಮಹಾಂತಯ್ಯ ಕೇಳಿದರು. ಗಂಟೆ ಬಾರಿಸಿದಂಥ ದನಿ.

“ಏನಿಲ್ಲರೀ ಅಯ್ಯನೋರ.”

“ಏನೋ ಸಪ್ಪಳಾತಲ್ಲ? ನೋಡು, ನಾ ತಂದಾಗ ಇದಕ್ಕ ಒಂದು ಗೀರು ಸೈತ ಇದ್ದಿಲ್ಲ. ಮನ್ಯಾಗ ಯಾರರ ಮುಟ್ಟೀರಿ ಅಂದ್ರ ಕೈ ಮುರೀತೀನಿ ಅಂತ ಅಂಜಿಸಿ ಇಟ್ಟೀನಿ. ಈಗ ಏನರ ಆದ್ರ ನಿಮ್ಮ ತಲಿಮ್ಯಾಲ.”

ಚನ್ನಮಲ್ಲಮ್ಮ ಎಡಗೈಯನ್ನು ಮುಷ್ಟಿ ಮಾಡಿ, ಸೆರಗಿನೊಳಗೆ ಎದೆಗೊತ್ತಿ ಹಿಡಿದಿದ್ದರು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಕಣ್ಣು ಮಾತ್ರ ಮೇಘಾಳ ಬೆರಳುಗಳನ್ನು ಬಿಟ್ಟು ಕದಲಲಿಲ್ಲ.

“ಆಕಿಗೆ ಅಂಜಬ್ಯಾಡ,” ಮಹಾಂತಯ್ಯ ನಕ್ಕರು. “ಮನಿ ಬಿಟ್ಟಾಗಿಂದ ಹಂಗಾ ಲಿಂಗ ಹಿಡಕೊಂಡು ಕುಂತಾಳ. ಪೋತ್ನಾಳದ ಹತ್ರ ಬಸ್ಸು ಎತ್ತಿ ಒಗದ್ರೂ ಮುಷ್ಟಿ ಬಿಚ್ಚಿ ಕಂಬಿ ಹಿಡೀಲಿಲ್ಲ. ಭಕ್ತಿ ಭಾಳ!”

ಮೇಘಾ ಮೇಜಿನ ಕೆಳಗೆ ಬಗ್ಗಿದಳು. ಚೂರು ಸಿಕ್ಕರೆ ಅಂಟಿಸಬಹುದು. ನೆಲದ ಮೇಲೆ ವೈರಿನ ತುಂಡುಗಳಿದ್ದವು, ಒಂದು ತುಕ್ಕು ಹಿಡಿದ ಸ್ಕ್ರೂ ಇತ್ತು. ಚೂರಿರಲಿಲ್ಲ. ಕಂಪ್ಯೂಟರಿನ ಡಬ್ಬಿಯನ್ನು ವಾಲಿಸಿ ಅಲುಗಿಸಿದಳು. ಏನೂ ಉದುರಲಿಲ್ಲ. ಮುರಿದ ಬುಡದ ಮೇಲಿನ ಬಿಳಿ ಪುಡಿಯನ್ನು ಬ್ರಷ್ಷಿನಿಂದ ಸರಸರನೆ ಒರೆಸಿದಳು, ರಕ್ತದ ಕಲೆ ಅಳಿಸುವವಳಂತೆ.

“ಏನು ಹುಡುಕಾಕತ್ತಿಯವಾ?” ಈ ಸಲ ಕೇಳಿದವರು ಚನ್ನಮಲ್ಲಮ್ಮ. ದನಿ ಸಣ್ಣಗೆ, ಬಿಗಿಯಾಗಿತ್ತು.

“ಸ್ಕ್ರೂ ಬಿತ್ರೀ ಯವ್ವಾ.”

ಚನ್ನಮಲ್ಲಮ್ಮ ಬೆಂಚಿನ ತುದಿಗೆ ಸರಿದರು.

“ಹುಡುಕಬ್ಯಾಡ. ಅದು ಅಲ್ಲಿ ಸಿಗೂದಿಲ್ಲ.”

ಮೇಘಾ ಬ್ರಷ್ ಕೆಳಗಿಟ್ಟಳು. ಈ ಹೆಂಗಸಿಗೆ ಎಲ್ಲ ಗೊತ್ತಾಗಿದೆ.

ರ‍್ಯಾಮ್ ಕಿತ್ತು ಪಕ್ಕದ ಸ್ಲಾಟಿಗೆ ಒತ್ತಿದಳು. ‘ಟಕ್, ಟಕ್.’ ಇದೂ ಹೋಯಿತೆಂದು ಬಗ್ಗಿ ನೋಡಿದರೆ, ಎರಡೂ ಲಾಕುಗಳು ನೆಟ್ಟಗಿದ್ದವು. ಸ್ವಿಚ್ ಹಾಕಿದಳು. ಫ್ಯಾನ್ ತಿರುಗಿತು. ಪರದೆ ಬೆಳಗಿತು.

“ಹತ್ತಿತಲ್ಲ! ಶಿವಶಿವಾ,” ಎಂದರು ಮಹಾಂತಯ್ಯ.

ಇನ್ನು ಮುಚ್ಚಳ ಹಾಕಿ ಸ್ಕ್ರೂ ಬಿಗಿದರೆ ಮುಗಿಯಿತು. ಒಳಗಿನದು ಒಳಗೇ ಉಳಿಯುತ್ತದೆ. ಮೇಘಾ ಮುಚ್ಚಳ ಎತ್ತಿದಳು. ವಿಭೂತಿಯ ಮೂರು ಗೆರೆಗಳು ಕಣ್ಣೆದುರಿಗೆ ಬಂದವು. ಅದರಾಚೆ ಚನ್ನಮಲ್ಲಮ್ಮನ ರೆಪ್ಪೆ ಬಡಿಯದ ಕಣ್ಣುಗಳು. ದೇವರಿಗೆ ಅಂಜಿದಳೋ, ಆ ಕಣ್ಣಿಗೆ ಅಂಜಿದಳೋ, ಅವಳಿಗೇ ತಿಳಿಯಲಿಲ್ಲ. ಮುಚ್ಚಳವನ್ನು ಕೆಳಗಿಟ್ಟಳು.

ಹುಸೇನ್ ಚಪ್ಪಲಿ ಬಿಟ್ಟು ಒಳಗೆ ಬಂದರು.

“ಉಸ್ತಾದ್, ಒಂದು ಸ್ಲಾಟ್ ಮುರದದ. ನಾನಾ ಮುರದೀನಿ. ನೋಡದಾ ಒತ್ತಿದೆ. ಚೂರು ಎಲ್ಲಿ ಹುಡುಕಿದ್ರೂ ಸಿಗವಲ್ದು.”

ಹುಸೇನ್ ಟಾರ್ಚ್ ಬಿಟ್ಟು ನೋಡಿದರು. ಮಹಾಂತಯ್ಯ ಆಗಲೇ ಎದ್ದು ನಿಂತಿದ್ದರು.

“ನಾ ಹೇಳಲಿಲ್ಲಾ? ಈ ಕಿವೀಲೆ ಸಪ್ಪಳ ಕೇಳೀನಿ! ಮ್ಯಾಲ ಸ್ಕ್ರೂ ಬಿತ್ತಂತ ಸುಳ್ಳು ಬ್ಯಾರೆ. ಮಠದ ವಸ್ತು ರೀ ಇದು ಸಾಬರ! ಇಂಥವರನ್ನೆಲ್ಲಾ ಅಂಗಡ್ಯಾಗ ಯಾಕ ಇಟಗೋತೀರಿ?”

ಹುಸೇನ್ ಮಹಾಂತಯ್ಯನವರ ಕಡೆ ನೋಡಿದರು, ಮೇಘಾಳ ಕಡೆ ನೋಡಿದರು, ಟಾರ್ಚ್ ಆರಿಸಿದರು.

“ಚೀಲ ತಗೋ ಬೇಟಿ,” ಎಂದರು ಮೆಲ್ಲಗೆ.

ಮೇಘಾ ಮೊಳೆಯಿಂದ ಚೀಲ ತೆಗೆದುಕೊಂಡಳು. ಕಣ್ಣೀರಿಗೆ ಹೊಸ್ತಿಲು ಮಸುಕಾಗಿತ್ತು. ದಾಟಲು ಕಾಲೆತ್ತಿದವಳಿಗೆ ಯಾರೋ ಅಡ್ಡ ನಿಂತರು.

ಚನ್ನಮಲ್ಲಮ್ಮ.

“ಆಕಿ ಹೋಗೂದು ಬ್ಯಾಡ್ರೀ. ಮನ್ಯಾಗ ಮುಚ್ಚಳ ಬಿಚ್ಚಿ ಒಳಗ ಧೂಳ ಒರಸಿದಾಕಿ ನಾನು,” ಎಂದರು ಗಂಡನ ಮುಖ ನೋಡದೆ. ಸೆರಗಿನೊಳಗಿಂದ ಎಡಗೈ ಹೊರಬಂತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಅಂಗೈಯಲ್ಲಿ ಲಿಂಗವಿರಲಿಲ್ಲ, ವಿಭೂತಿ ಮೆತ್ತಿ, ಬೆವರಲ್ಲಿ ನೆನೆದ, ಮುರಿದ ಬಿಳಿ ಲಾಕಿನ ಚೂರಿತ್ತು.