ನೊರೆ ಬರುತ್ತದೆಂಬ ದೂರು

ಬಡಗಿ ಮಾವ ಸೋಪಿನ ಬಿಲ್ಲೆಯನ್ನು ಅಂಗಡಿಯ ಮೇಜಿನ ಮೇಲೆ ಕುಕ್ಕಿ, "ಇದನ್ನ ವಾಪಸ್ ತಗೊಳ್ಳಿ ಸಾಹುಕಾರ್ರೇ. ನೊರೆ ಬರ್ತಿದೆ," ಎಂದರು.

ಸಾಹುಕಾರ ಎಂದರೆ ನಿಜವಾದ ಸಾಹುಕಾರನೇನಲ್ಲ. ಹಗಲು ಎಣ್ಣೆ ಗಿರಣಿಯಲ್ಲಿ ದುಡಿದು, ಬಿಡುವಿನಲ್ಲಿ ಹಿತ್ತಲಲ್ಲಿ ಸೋಪು ಕಾಯಿಸುತ್ತಿದ್ದವನಿಗೆ ಊರು ಇಟ್ಟ ಹೆಸರು 'ಸೋಪು ಸಾಹುಕಾರ'. ಅದರಲ್ಲಿ ಪ್ರೀತಿಗಿಂತ ಕುಚೋದ್ಯದ ಪಾಲೇ ಹೆಚ್ಚೆಂದು ಅವನಿಗೂ ಗೊತ್ತಿತ್ತು. ಆದರೂ ಯಾರಾದರೂ ಹಾಗೆ ಕರೆದರೆ ಎದೆ ಒಂದಿಷ್ಟು ಉಬ್ಬುತ್ತಿತ್ತು. ಅವತ್ತಂತೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ಊರಿನವರು ಮಾಡಿದ್ದನ್ನೆಲ್ಲ ಮಾರಲು ಸಂಘ ತೆರೆದಿದ್ದ ಈ ಅಂಗಡಿಯಲ್ಲಿ ಅವನ ಸೋಪು ಇಟ್ಟದ್ದೇ ತಡ, ಖಾಲಿಯಾಗುತ್ತಿತ್ತು. ಆ ಧೈರ್ಯದ ಮೇಲೆ ಮಧ್ಯಾಹ್ನ ಗಿರಣಿ ಯಜಮಾನರ ಎದುರು ನಿಂತು 'ನಾಳೆಯಿಂದ ನಾನು ಬರುವುದಿಲ್ಲ' ಎಂದು ಹೇಳಿಬಿಡುವುದು, ಸಂಜೆ ಸಂಘದಲ್ಲಿ 'ಗಿರಾಕಿಯ ಮನಸ್ಸನ್ನು ಅರಿಯುವುದು ಹೇಗೆ' ಎಂಬ ಭಾಷಣ ಮಾಡುವುದು ಎಂದು ನಿಶ್ಚಯವಾಗಿತ್ತು. ಭಾಷಣವನ್ನು ಕನ್ನಡಿಯ ಮುಂದೆ ಒಪ್ಪಿಸಿಯೂ ಆಗಿತ್ತು. ಕನ್ನಡಿಗೆ ತುಂಬ ಹಿಡಿಸಿತ್ತು.

"ಸೋಪಲ್ಲಿ ನೊರೆ ಬರದೆ ಇನ್ನೇನು ಬರ್ಬೇಕು ಮಾವ? ಅದಕ್ಕೇ ಅಲ್ವಾ ಇಷ್ಟು ದಿನ ಒದ್ದಾಡಿದ್ದು! ಹಳೇದ್ರಲ್ಲಿ ನೊರೆ ಅನ್ನೋದೇ ಇರ್ಲಿಲ್ಲ, ನಾನೇ ಒಪ್ಕೋತೀನಿ."

"ಅದೇ ಚೆನ್ನಾಗಿತ್ತು. ಗರಗಸಕ್ಕೆ ಉಜ್ಜಿದ್ರೆ ಸರ್ರಂತ ಓಡ್ತಿತ್ತು. ಬಿಗಿಯಾದ ಕಿಟಕಿ, ಮರದೊಳಗೆ ಇಳಿಯದ ಸ್ಕ್ರೂ, ಎಲ್ಲಕ್ಕೂ ಅದೇ ಮದ್ದು. ಇದನ್ನ ಉಜ್ಜಿದ್ರೆ ಬರೀ ಅಂಟಂಟು. ನಿನ್ನೆಯಿಂದ ಒಂದು ಬೀರು ಬಾಗಿಲು ಕಚ್ಕೊಂಡು ಕೂತಿದೆ, ಬೇಕಾದ್ರೆ ಬಂದು ನೋಡಿ."

ಸಾಹುಕಾರ ಕಣ್ಣು ಪಿಳಿಪಿಳಿ ಬಿಟ್ಟ. "ಅಂದ್ರೆ ನೀವು... ಸ್ನಾನಕ್ಕೆ?"

"ಸ್ನಾನಕ್ಕಾ?" ಬಡಗಿ ಮಾವ ಮುಖ ಪಕ್ಕಕ್ಕೆ ತಿರುಗಿಸಿ ನಗು ನುಂಗಿಕೊಂಡರು. "ಮೊದಲ್ನೇ ಸಲ ಮಾಡಿದ್ದೆ. ಮೈಗೆ ಪಾಲಿಶ್ ಹೊಡೆದ ಹಾಗಾಯ್ತು. ಎಷ್ಟು ನೀರು ಹೊಯ್ದರೂ ಹೋಗ್ಲಿಲ್ಲ. ಆಗ್ಲೇ ಹೊಳೀತು ನನಗೆ, ಇದು ಮನುಷ್ಯರ ಸೋಪಲ್ಲ, ಮರದ್ದು ಅಂತ."

ಇದರ ಗುಟ್ಟು ಸಾಹುಕಾರನಿಗೆ ಮಾತ್ರ ಗೊತ್ತಿತ್ತು. ಸೋಪಿಗೂ ಮೊದಲು ಅವನು ಮೇಣದಬತ್ತಿಯ ಉದ್ಯಮಿ. ಅವನ ಬತ್ತಿಗಳು ಉರಿಯುತ್ತಿರಲಿಲ್ಲ. ಉಳಿದ ಮೇಣವನ್ನು ಎಸೆಯಲು ಮನಸ್ಸು ಬಾರದೆ, ಬಿಲ್ಲೆ ಗಟ್ಟಿಯಾಗಲಿ ಎಂದು ಸೋಪಿಗೆ ಸುರಿದಿದ್ದ. ಹೊಸ ಸೋಪಿಗೆ ಆ ಮೇಣ ಹಾಕಿರಲಿಲ್ಲ.

ಅಷ್ಟರಲ್ಲಿ ಟೈಲರಕ್ಕ ಇನ್ನೊಂದು ಬಿಲ್ಲೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. "ತಮ್ಮಾ, ಏನಾಯ್ತೋ ನಿನ್ನ ಸೋಪಿಗೆ? ಕತ್ತರಿಸೋ ಬಟ್ಟೆ ಮೇಲೆ ಗೀಟು ಎಳೆದ್ರೆ ಮೊದಲೆಲ್ಲ ಸಣ್ಣಗೆ ಬೀಳ್ತಿತ್ತು. ಇಸ್ತ್ರಿ ತಾಗಿದ್ರೆ ಮಾಯ ಆಗ್ತಿತ್ತು. ಇದು ನೋಡು, ಕರೀ ಕೋಟಿಗೆಲ್ಲ ಮೆತ್ಕೊಂಡಿದೆ."

"ಅಕ್ಕಾ, ನೀನೂ ಸ್ನಾನಕ್ಕೆ..." ಎಂದು ಶುರು ಮಾಡಿದವನು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. "ಯಾರಾದ್ರೂ ಒಬ್ರು ನನಗೆ ಹೇಳ್ಬಾರ್ದಿತ್ತಾ?"

"ಹೇಗೆ ಹೇಳೋದು? ಸಿಕ್ಕಾಗೆಲ್ಲ ನೀನೇ ಮಾತಾಡ್ತಿದ್ದೆ."

ಅವನಿಗೆ ಸಂಜೆಯ ಭಾಷಣ ನೆನಪಾಯಿತು. ಮೇಜಿನ ಹಿಂದೆ ಕೂತು ವ್ಯಾಪಾರ ನೋಡಿಕೊಳ್ಳುತ್ತಿದ್ದ ಹೆಂಡತಿಯತ್ತ ತಿರುಗಿದ. "ನಿನಗೂ ಗೊತ್ತಿತ್ತಾ?"

ಅವಳು ಮೇಜಿನ ಡ್ರಾಯರನ್ನು ಕಿರುಬೆರಳಲ್ಲಿ ಎಳೆದಳು. ಅದು ಸದ್ದಿಲ್ಲದೆ ಜಾರಿಕೊಂಡು ಹೊರಗೆ ಬಂತು. "ಮೊದಲು ಇದನ್ನ ತೆಗೀಬೇಕಂದ್ರೆ ಕಾಲು ಕೊಟ್ಟು ಎಳೀಬೇಕಿತ್ತು, ನೆನಪಿದ್ಯೇನ್ರೀ?" ಎಂದವಳು ದನಿ ತಗ್ಗಿಸಿದಳು. "ಹೇಳ್ಬೇಕು ಅಂತಲೇ ಇದ್ದೆ. ಆದ್ರೆ ಸೋಪು ಖಾಲಿಯಾಯ್ತು ಅಂದಾಗೆಲ್ಲ ನೀವು ಅಷ್ಟು ಖುಷಿ ಪಡ್ತಿದ್ರಿ."

ಅವನಿಗೆ ನಾಚಿಕೆಯೂ ಆಯಿತು, ಅವಳ ಮೇಲೆ ಪ್ರೀತಿಯೂ ಬಂತು. ಎರಡನ್ನೂ ಎಲ್ಲಿಡುವುದೆಂದು ತೋಚದೆ ಇಸ್ತ್ರಿಯ ಅಂಗಿಯನ್ನು ಸುಮ್ಮನೆ ಎಳೆದು ಸರಿಮಾಡಿಕೊಂಡ.

"ಒಂದು ಮಾತು ಕೇಳ್ಲಾ, ಬೇಜಾರು ಮಾಡ್ಕೋಬೇಡಿ," ಎಂದರು ಬಡಗಿ ಮಾವ. "ನೀವಾದ್ರೂ ಸ್ನಾನ ಮಾಡಿದ್ದೀರಾ ಅದ್ರಲ್ಲಿ?"

ಸಾಹುಕಾರ ಬಾಯಿ ತೆರೆದ. ಹೆಂಡತಿ ತಕ್ಷಣ ಕಪಾಟಿನ ಧೂಳು ಒರೆಸತೊಡಗಿದಳು. ಮನೆಯ ಬಚ್ಚಲಲ್ಲಿ ಯಾವ ಕಂಪನಿಯ ಸೋಪಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನನಗೆ... ಅದು ಮೈಗೆ ಒಗ್ಗಲ್ಲ ಮಾವ."

ಮೊದಲು ನಕ್ಕದ್ದು ಟೈಲರಕ್ಕ. ಆಮೇಲೆ ಅಂಗಡಿಗೆ ಅಂಗಡಿಯೇ ನಕ್ಕಿತು. ಕೊನೆಗೆ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮತ್ತೆ ಹಳೇದನ್ನೇ ಮಾಡಿಕೊಡಿ," ಎಂದರು ಬಡಗಿ ಮಾವ ಹೊರಡುತ್ತ. "ಆ ಗುಲಾಬಿ ವಾಸನೆ ಮಾತ್ರ ಬೇಡ. ಕೆಲಸ ಮುಗಿಸಿ ಹೋದ್ರೆ ನನ್ನ ಹೆಂಡತಿ ದಿನಾ ಅನುಮಾನದಿಂದ ನೋಡ್ತಾಳೆ."

ಅವರಿಬ್ಬರೂ ಹೋದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು, "ಗಿರಣಿಗೆ ಹೋಗಿ ಏನು ಹೇಳ್ತೀರಿ?"

"ತಡವಾಯ್ತು, ತಪ್ಪಾಯ್ತು ಅಂತೀನಿ."

ಅವನು ವಾಪಸ್ ಬಂದ ಬಿಲ್ಲೆಯನ್ನು ಎತ್ತಿಕೊಂಡು ಅಂಗಡಿಯ ಪಕ್ಕದ ನಲ್ಲಿಗೆ ಹೋಗಿ ಕೈ ತೊಳೆದ. ನೊರೆ ಬಂತು. ಬೆಳ್ಳಗೆ, ಒತ್ತೊತ್ತಾಗಿ, ಇಸ್ತ್ರಿ ಮಾಡಿದ ತೋಳಿನವರೆಗೂ ಏರಿ ಬಂತು. ಇಂಥದ್ದೇ ಬರಲೆಂದು ಅವನು ಎಷ್ಟು ಕಾಯಿಸಿದ್ದ, ಎಷ್ಟು ಕೆಡಿಸಿದ್ದ. ಅದನ್ನು ತೊಳೆಯಲು ಮನಸ್ಸಾಗದೆ ಬಹಳ ಹೊತ್ತು ಹಾಗೆಯೇ ನಿಂತಿದ್ದ. ಆಮೇಲೆ ಬಿಲ್ಲೆಯನ್ನು ಒರೆಸಿ ಹೆಂಡತಿಯ ಕೈಗಿತ್ತು, "ಇದನ್ನ ಮನೆಗೆ ಇಟ್ಕೋ," ಎಂದ. "ಸ್ನಾನಕ್ಕೆ."