ಬಾವುಟದ ಕೆಂಪು

ಗೋಲ್ಡ್ ಕೋಸ್ಟಿನ ಆ ಊರಿನ ಅರಸನನ್ನು ಸೆರೆಗೆ ತಳ್ಳಿದ ಬಿಳಿಯ ಅಧಿಕಾರಿ, ಅಲ್ಲಿ ಬ್ರಿಟಿಷ್ ಬಾವುಟ ಹಾರಿಸಲು ಹೊರಟ. "ನಾಳೆ ಎಲ್ಲರೂ ಬರಬೇಕು. ತಪ್ಪಿಸಿದರೆ ಚರ್ಮ ಸುಲೀತೀನಿ" ಎಂದು ಡಂಗುರ ಹೊಡೆಸಿದ.

ಬೆಳಗ್ಗೆ ಊರಿಗೆ ಊರೇ ಬಂತು. ಎಲ್ಲರ ಮೈಮೇಲೂ ಕೆಂಪು ಬಟ್ಟೆ. ಮೇಲೆ ಬಾವುಟದ ಕೆಂಪು, ಕೆಳಗೆ ಜನರ ಕೆಂಪು. ಅಧಿಕಾರಿ ಹಿಗ್ಗಿ ಹೀರೇಕಾಯಿಯಾದ.

"ಅಂತೂ ಬುದ್ಧಿ ಬಂತು ನಿಮಗೆ! ನಮ್ಮ ಬಾವುಟದ ಬಣ್ಣಾನೇ ಉಟ್ಕೊಂಡು ಬಂದಿದ್ದೀರಿ."

"ಬಾವುಟಕ್ಕಲ್ಲ," ಎಂದಳು ಅರಸನ ತಾಯಿ ಅಫ್ರಿಯೆ. "ನಮ್ಮಲ್ಲಿ ಸಾವಾದ್ರೆ ಕೆಂಪು ಉಡ್ತೀವಿ."

ಅವನ ಮುಖ ಬಿಗಿಯಿತು. "ನಿನ್ನ ಮಗ ಸೆರೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾನಲ್ಲೇ ಮುದುಕಿ! ಮತ್ತೆ ಸತ್ತಿದ್ದು ಯಾರು?"

ಆಕೆ ಅವನ ಬೆನ್ನ ಹಿಂದೆ ನೋಡಿದಳು. ಅವನೂ ತಿರುಗಿದ. ಅವನ ಕೋಟೆಗೆ ಹಿಂದಿರುಗುವ ದಾರಿಯ ತುಂಬ ಕೆಂಪು ಬಟ್ಟೆಯವರೇ ನಿಂತಿದ್ದರು.

"ಇನ್ನೂ ಸತ್ತಿಲ್ಲ, ದೊರೆ."