ದಬ್ ಎಂದ ಪುಲ್ಲಿ

ಅಂಗಡಿಯಲ್ಲಿ ಯಾರಾದರೂ ತೆಂಗಿನಕಾಯಿ ತಟ್ಟಿ ನೋಡಿದರೆ ಈಗಲೂ ನನಗೆ ಗ್ರೀಸಿನ ವಾಸನೆ ಬಂದಂತಾಗುತ್ತದೆ.

ನಿಟ್ಟೂರಿನ ನಮ್ಮ ಮನೆ ಮುಂದಿನ ಚಪ್ಪರದಡಿ ಚಿಕ್ಕಪ್ಪ ಹಳೆಯ ಕಾರೊಂದರ ಎಂಜಿನ್ನನ್ನು ರೇಸಿಗೆಂದು ಹೊಸದಾಗಿ ಕಟ್ಟುತ್ತಿದ್ದ. ನಾನು ವಾಷರ್‌ಗಳನ್ನು ದಾರಕ್ಕೆ ಪೋಣಿಸುತ್ತ ಕೂತಿದ್ದೆ. ಎಂಜಿನ್ನಿನ ಮೂತಿಗೆ ಹಾಕುವ, ಬೆಲ್ಟ್ ತಿರುಗಿಸುವ ಪುಲ್ಲಿಯೊಂದೇ ಬಾಕಿಯಿತ್ತು. ಚಿಕ್ಕಪ್ಪ ಬೆಂಗಳೂರಿನಿಂದ ಎರಡು ತಂದಿದ್ದ. ಒಂದು ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂನದು. ಇನ್ನೊಂದು ಭಾರದ ಕಪ್ಪು ಕಬ್ಬಿಣದ್ದು, ನಡುವೆ ರಬ್ಬರ್ ಪಟ್ಟಿಯಿತ್ತು. ಸಂಜೆಯ ಬಸ್ಸಿಗೆ ಒಂದನ್ನು ವಾಪಸ್ ಕಳಿಸಬೇಕಿತ್ತು.

ತಾತ ತೆಂಗಿನಕಾಯಿ ವ್ಯಾಪಾರಿ. ಅವರು ತಟ್ಟಿ ನೋಡದೆ ನಮ್ಮ ಮನೆಯೊಳಗೆ ಮಡಕೆಯೂ ಬರುತ್ತಿರಲಿಲ್ಲ. ಎರಡೂ ಪುಲ್ಲಿಗಳನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು. ಹೊಳೆಯುವುದು ಟಣ್ ಎಂದಿತು. ಕಪ್ಪನೆಯದು ದಬ್ ಎಂದಿತು.

“ಇದು ಕೊಳ್ತೋಗೈತೆ ಕಣ್ಲಾ, ವಾಪಸ್ ಕಳ್ಸು,” ಎಂದರು.

ಚಿಕ್ಕಪ್ಪ ತಲೆ ಚಚ್ಚಿಕೊಂಡ. “ಅಪ್ಪಾ, ಅದು ಕಾಯಲ್ಲ! ಎಂಜಿನ್ ಜೋರಾಗಿ ಓಡ್ದಾಗ ನಡುಕನೆಲ್ಲ ಆ ರಬ್ಬರ್ರು ನುಂಗ್ಕೊಳ್ತೈತೆ. ಇಲ್ದಿದ್ರೆ ಒಳಗೆ ತಿರ್ಗೋ ಕ್ರ್ಯಾಂಕೇ ಮುರ್ದೋಗ್ತೈತೆ. ಸದ್ದು ಮಾಡ್ದೆ ಇದ್ರೇನೆ ಅದು ಒಳ್ಳೇದು.”

ಅಷ್ಟರಲ್ಲಿ ಅಜ್ಜಿ ಕಾಫಿ ತಂದರು. “ಇಷ್ಟೊತ್ತಾ? ಲೋಟ ಬೇರೆ ಸುಡ್ತೈತೆ!” ಎಂದು ತಾತ ಸೋತ ಸಿಟ್ಟನ್ನೆಲ್ಲ ಅವರ ಮೇಲೆ ತೀರಿಸಿಕೊಂಡರು. ಅಜ್ಜಿ ಸದ್ದು ಮಾಡದೆ ಲೋಟವನ್ನು ಬಟ್ಟಲಿನಲ್ಲಿಟ್ಟು ಮತ್ತೆ ಕೊಟ್ಟರು.

ತಾತ ಸ್ವಲ್ಪ ಹೊತ್ತು ಅಜ್ಜಿಯನ್ನೇ ನೋಡಿದರು. ಆಮೇಲೆ ಕಪ್ಪು ಪುಲ್ಲಿಯನ್ನು ಇನ್ನೊಮ್ಮೆ ತಟ್ಟಿ, ಚಿಕ್ಕಪ್ಪನ ಕೈಗಿಟ್ಟರು.

“ಇದ್ನೇ ಹಾಕು ಕಣ್ಲಾ. ಬಾಳಿಕೆ ಬರ್ತೈತೆ, ನಾನು ನೋಡಿವ್ನಿ.”